ಅರ್ಧ ಫ್ರಾಕಿನ ಕಾಗದ

“ಇದೇನು, ಅರ್ಧನೇ ಐತೆ?” ದಾನೇಶ್ವರಿ ಕೇಳಿದಳು.

ನೆಲದ ಮೇಲೆ ಅವಳು ಫ್ರಾಕಿಗೆಂದು ತಂದಿದ್ದ ನೀಲಿ ಬಟ್ಟೆ ಹಾಸಿತ್ತು. ಅದರ ಮೇಲೆ ಫ್ರಾಕಿನ ಅಳತೆಗೆ ಕತ್ತರಿಸಿದ ಕಂದು ಕಾಗದ. ಅದಕ್ಕೆ ಒಂದೇ ಭುಜ, ಅರ್ಧ ಕುತ್ತಿಗೆ.

“ಅಮ್ಮ ಮಾಡಿರೋ ಪ್ಯಾಟರ್ನ್ ಕಣೆ,” ಎಂದಳು ಗೆಳತಿ ಮೇಘನಾ. ಅವಳ ಅಮ್ಮ ಲಕ್ಷ್ಮಿದೇವಿಗೆ ಬದನಗುಪ್ಪೆಯ ಗಾರ್ಮೆಂಟ್ಸ್‌ನಲ್ಲಿ ಕೆಲಸ. ಭಾನುವಾರ ಮನೆಯಲ್ಲೇ ಊರವರ ಬಟ್ಟೆ ಹೊಲಿಯುತ್ತಿದ್ದಳು. ಈಗ ಕತ್ತರಿ ತರಲು ಒಳಗೆ ಹೋಗಿದ್ದಳು.

ದಾನೇಶ್ವರಿ ಬಟ್ಟೆಯ ಅಂಚು ಎತ್ತಿ ನೋಡಿದಳು. ಎರಡು ಪದರ. ಎರಡು ಯಾಕೆ?

“ಹೊಲಿಯೋರು ಬಟ್ಟೆ ಉಳಿಸ್ಕತಾರೆ. ಅಲ್ಲೇ ಕೂತು ನೋಡ್ಕ ಕಣಮ್ಮಿ,” ಎಂದು ಮನೆಯಿಂದ ಹೊರಡುವಾಗ ಅವಳ ಅಜ್ಜಿ ಪುಟ್ಟಬಸಮ್ಮ ಹೇಳಿ ಕಳಿಸಿದ್ದಳು.

ಕಾಗದದ ನೇರ ಅಂಚಿನಲ್ಲಿ ಒಂದು ಬಾಣ ಇತ್ತು. ಅದರ ಎರಡೂ ತುದಿ ಅಂಚಿನ ಕಡೆಗೆ ಬಾಗಿದ್ದವು.

“ಇದ್ಯಾಕೆ?”

“ಬಟ್ಟೆ ಮಡಿಚಿರೋ ಕಡೆಗೆ ಈ ಅಂಚು ಇಡ್ಬೇಕು ಅಂತ ಗುರ್ತು.”

“ಸುಳ್ಳು ಹೇಳ್ಬ್ಯಾಡ. ಒಂದು ಪದರ ನಂಗೆ, ಇನ್ನೊಂದು ನಿಂಗೆ. ಅಲ್ವಾ?”

ಮೇಘನಾಳ ಮುಖ ಸಣ್ಣಗಾಯಿತು. ಎದ್ದುಹೋಗಿ ಹೊಲಿಗೆ ಮೆಷಿನ್ ಪಕ್ಕ ಕೂತಳು.

ಲಕ್ಷ್ಮಿದೇವಿ ಬಂದು ಕಾಗದಕ್ಕೆ ಪಿನ್ ಚುಚ್ಚಿ ಕತ್ತರಿಸತೊಡಗಿದಳು. ಕುತ್ತಿಗೆ, ಭುಜ, ಕಂಕುಳು, ಪಕ್ಕೆ, ಕೆಳಗಿನ ಘೇರು. ಬಾಣವಿದ್ದ ಅಂಚನ್ನು ಮಾತ್ರ ಮುಟ್ಟಲಿಲ್ಲ. ದಾನೇಶ್ವರಿ ಕಣ್ಣು ಮಿಟುಕಿಸದೆ ನೋಡುತ್ತಿದ್ದಳು.

“ಆಂಟಿ, ಆ ಕಡೆ ಕತ್ತರ್ಸಲ್ವಾ?”

“ಆ ಕಡೆ ಕತ್ತರ್ಸುದ್ರೆ ಎಲ್ಡು ತುಂಡಾಗೋಯ್ತದೆ ಕಣವ್ವ. ತಕಾ, ನೀನೇ ಬುಡ್ಸು.”

ದಾನೇಶ್ವರಿ ಮಡಿಕೆ ಬಿಡಿಸಿದಳು. ಎರಡು ಭುಜ, ದುಂಡನೆಯ ಪೂರ್ತಿ ಕುತ್ತಿಗೆ. ಫ್ರಾಕಿನ ಇಡೀ ಮುಂಭಾಗ ಅವಳ ಕೈಯಲ್ಲಿತ್ತು.

“ಸಂದಾಗೈತಾ?” ಲಕ್ಷ್ಮಿದೇವಿ ಕೇಳಿದಳು.

ದಾನೇಶ್ವರಿ ತಲೆಯಾಡಿಸಿದಳು. ಅವಳ ಕಿವಿ ಬಿಸಿಯಾಗಿತ್ತು. ಮೇಘನಾ ಕಿಟಕಿಯಾಚೆ ನೋಡುತ್ತಿದ್ದಳು.

ಲಕ್ಷ್ಮಿದೇವಿ ತೋಳಿನ ಕಾಗದ ತೆಗೆದಿಟ್ಟಳು. ಅದರ ಅಂಚಿನಲ್ಲಿ ಪುಟ್ಟ ಪುಟ್ಟ ತ್ರಿಕೋನಗಳಿದ್ದವು. ದಾನೇಶ್ವರಿ ಅದನ್ನು ಎತ್ತಿಕೊಂಡು ಮೆಷಿನ್ ಹತ್ತಿರ ಹೋದಳು.

“ಮೇಘನಾ, ಇವು ಯಾಕೆ?”

ಮೇಘನಾ ಕಾಗದ ನೋಡಲಿಲ್ಲ. ದಾನೇಶ್ವರಿಯ ಮುಖವನ್ನೇ ನೋಡಿದಳು. ಇದೂ ಅನುಮಾನದ ಪ್ರಶ್ನೆಯೇ ಎಂದು ಹುಡುಕುವವಳಂತೆ ನೋಡಿದಳು. ದಾನೇಶ್ವರಿ ಕಾಗದವನ್ನು ಅವಳ ಮುಂದೆ ಹಿಡಿದಳು.

ಆಮೇಲೆ ಮೇಘನಾ ಸ್ವಲ್ಪ ಸರಿದು ಜಾಗ ಬಿಟ್ಟಳು. ಒಂದು ತ್ರಿಕೋನದ ಮೇಲೆ ಬೆರಳಿಟ್ಟು, “ತೋಳನ್ನ ಕಂಕುಳಿಗೆ ಎಲ್ಲಿ ಸೇರಿಸ್ಬೇಕು ಅಂತ ಗುರ್ತು,” ಎಂದಳು.