ಬಾಗಿಲಲ್ಲಿ ತಿರುಗಿದ ಮುಖ

"ನಿಲ್ಲಿಸಿ! ಸಿನಿಮಾ ನಿಲ್ಲಿಸಿ!"

ಪುಷ್ಪಾವತಿ ಎದ್ದು ನಿಂತಿದ್ದಳು. ಪ್ರೊಜೆಕ್ಟರಿನ ಬೆಳಕಿಗೆ ಅಡ್ಡ ಬಂದ ಅವಳ ನೆರಳು ಪರದೆಯ ಮೇಲಿನ ಮುಖವನ್ನು ಅರ್ಧ ಮುಚ್ಚಿತ್ತು. ಕೈಯಲ್ಲಿದ್ದ ಚಹಾ ಕಂಬಳಿಯ ಮೇಲೆ ಚೆಲ್ಲಿದ್ದು ಅವಳಿಗೆ ಗೊತ್ತಾಗಲಿಲ್ಲ. ಹಿಂದಿನ ಸಾಲಿನಲ್ಲಿ ಯಾರೋ, "ಪುಷ್ಪಕ್ಕ ಇಲ್ಲಿಯೂ ನಾಟಕ ಶುರು ಮಾಡಿದ್ರಾ ಮಾರಾಯ!" ಎಂದು ನಕ್ಕರು. ಇನ್ನೊಬ್ಬರು ಗದರಿದರು. ಸಿನಿಮಾ ನಿಂತು ಕೋಣೆಯಲ್ಲಿ ಪ್ರೊಜೆಕ್ಟರಿನ ಗುಂಯ್ ಎನ್ನುವ ಸದ್ದೊಂದೇ ಉಳಿಯಿತು.

ಅದು ದಮ್ಮಾಮಿನ ಹೊರವಲಯದ ಇಸ್ತಿರಾಹ. ಎತ್ತರದ ಗೋಡೆ, ಒಂದಿಷ್ಟು ಹುಲ್ಲು, ಮಕ್ಕಳಿಗೆ ಈಜುಕೊಳ, ಒಳಗೊಂದು ದೊಡ್ಡ ಕೋಣೆ. ಕರಾವಳಿಯವರು ಹುಟ್ಟುಹಬ್ಬಕ್ಕೂ ಸಂಘದ ಸಭೆಗೂ ದಿನದ ಬಾಡಿಗೆಗೆ ಹಿಡಿಯುವ ಜಾಗ. ಅವಳ ಅಳಿಯ ದೀಕ್ಷಿತ್ ಆ ಶುಕ್ರವಾರ ಕಿಟಕಿಗಳಿಗೆಲ್ಲ ಬೆಡ್‌ಶೀಟ್ ಕಟ್ಟಿ, ತಾನು ಮತ್ತು ಗೆಳೆಯ ಅಬ್ದುಲ್ ಜಲೀಲ್ ಸೇರಿ ತೆಗೆದ ಸಿನಿಮಾದ ಮೊದಲ ಪ್ರತಿಯನ್ನು ಗೆಳೆಯರಿಗೆ ತೋರಿಸುತ್ತಿದ್ದ. ಸೌದಿಯಲ್ಲಿ ಥಿಯೇಟರುಗಳು ತೆರೆದು ಎರಡು ವರ್ಷವೂ ಆಗಿರಲಿಲ್ಲ. ಆ ಹುರುಪು ಎಲ್ಲರಿಗಿಂತ ಹೆಚ್ಚು ಹತ್ತಿದ್ದು ಆಯಿಲ್ ಕಂಪನಿಯೊಂದರಲ್ಲಿ ಸೇಫ್ಟಿ ಆಫೀಸರನಾಗಿದ್ದ ಈ ದೀಕ್ಷಿತನಿಗೇ.

ಕಥೆ ಮಂಗಳೂರು ಬಂದರಿನ ಸಂಕಪ್ಪನೆಂಬ ರೌಡಿಯದು. ಇಪ್ಪತ್ತೆಂಟರ ಸಂಕಪ್ಪ, ಎಪ್ಪತ್ತರ ಸಂಕಪ್ಪ, ಎರಡೂ ಪಾತ್ರ ಕೊರಗಪ್ಪನದೇ. ಪುಷ್ಪಾವತಿಯ ಗಂಡ, ಅರವತ್ತೆಂಟು ವಯಸ್ಸಿನ ಹಳೆಯ ತುಳು ನಾಟಕದ ನಟ. ಮುಖಕ್ಕೆ ಕಪ್ಪು ಚುಕ್ಕೆ ಅಂಟಿಸಿ ಅಭಿನಯಿಸಿದರೆ ಸಾಕು, ಚೆನ್ನೈಯ ಹುಡುಗರು ಕಂಪ್ಯೂಟರಿನಲ್ಲಿ ವಯಸ್ಸು ಇಳಿಸುತ್ತಾರೆ ಎಂದಿದ್ದರು. ಆದರೆ ಹೆಂಗಸರ ವಯಸ್ಸು ಇಳಿಸುವ ಯೋಚನೆ ಯಾರಿಗೂ ಬರಲಿಲ್ಲ. ಸಂಕಪ್ಪನ ಹೆಂಡತಿಯ ಪಾತ್ರಕ್ಕೆ ಕಾಲೇಜು ಹುಡುಗಿ ಬಂದಳು. ಗಂಡನಿಗಿಂತ ಎರಡು ವರ್ಷ ಚಿಕ್ಕವಳಾದ, ರಂಗದ ಮೇಲೆ ಜೀವನಪೂರ್ತಿ ಅವನ ಹೆಂಡತಿಯಾಗಿ ನಿಂತ ಪುಷ್ಪಾವತಿಗೆ ಸಂಕಪ್ಪನ ತಾಯಿಯ ಪಾತ್ರ ಕೊಟ್ಟರು! "ಬಡ್ತಿ ಸಿಕ್ಕಿತು ನೋಡಿ, ನಿಮಗೆ ಅಮ್ಮ ಆದೆ," ಎಂದು ಅವಳು ಶೂಟಿಂಗಿನಲ್ಲಿ ನಕ್ಕಿದ್ದಳು. ಚುಕ್ಕೆ ತುಂಬಿದ ಕೊರಗಪ್ಪನ ಮುಖ ನೋಡಿ, "ಸಿಡುಬು ಬಂದ ಮಗು" ಎಂದು ಗಲ್ಲ ಹಿಂಡಿದ್ದಳು. ಆ ಅವಮಾನವನ್ನು ನಗುವಿನಲ್ಲಿ ನುಂಗಿಕೊಂಡಿದ್ದಳು.

ಚಿಕ್ಕ ಪ್ರಾಯದ ಸಂಕಪ್ಪ ಪರದೆಗೆ ಬಂದ ಮೊದಲ ದೃಶ್ಯವದು. ಪುಷ್ಪಾವತಿ ಕೂಗುವ ಮೊದಲು ಆ ತಾಯಿ, ಕೊಲೆ ಮಾಡಿ ಮನೆ ಬಿಟ್ಟು ಹೊರಟ ಮಗನ ಕಾಲು ಹಿಡಿದುಕೊಂಡಿದ್ದಳು. "ಹೋಗಬೇಡ ಮಗಾ…" ಮಗ ಕೆಳಗೆ ನೋಡಿದ. "ಬಿಡು ಮುದುಕೀ, ದಾರಿ ಬಿಡು!" ಎಂದು ಕಾಲಿನಿಂದ ತಳ್ಳಿದ.

ಅವನ ಎಡ ಹುಬ್ಬಿನ ನಡುವೆ ಕೂದಲು ಹುಟ್ಟದ ಒಂದು ಗೆರೆ ಇತ್ತು.

ಐದನೆಯ ವಯಸ್ಸಿನಲ್ಲಿ ಬಾವಿಕಟ್ಟೆಗೆ ಬಿದ್ದು ಆದ ಗಾಯದ ಗೆರೆ ಅದು. ಕೊರಗಪ್ಪನ ಹುಬ್ಬಿನಲ್ಲಿ ಯಾವ ವಯಸ್ಸಿನಲ್ಲೂ ಅದು ಇರಲಿಲ್ಲ. ಆ ಗೆರೆ ಯತೀಶನದು. ಅವಳ ಮಗನದು… ನಾಲ್ಕು ವರ್ಷದ ಹಿಂದೆ ಇದೇ ಸೌದಿಯ ಯಾನ್ಬುವಿನ ಕೆಲಸದ ಸೈಟಿನಲ್ಲಿ ಎತ್ತರದಿಂದ ಬಿದ್ದು, ಪೆಟ್ಟಿಗೆಯೊಳಗೆ ಊರಿಗೆ ಬಂದ ಮಗನದು!

"ಅತ್ತೆ, ಎಂತ ಆಯ್ತು? ಎಲ್ಲರೂ ನೋಡ್ತಾ ಇದ್ದಾರೆ," ದೀಕ್ಷಿತ್ ಓಡಿ ಬಂದ.

"ನೋಡ್ಲಿ! ಅದು ಯಾರು?"

"ಮಾವ. ಇಪ್ಪತ್ತೆಂಟು ವರ್ಷದ ಮಾವ."

"ಇವರ ಇಪ್ಪತ್ತೆಂಟನ್ನು ಹತ್ತಿರದಿಂದ ನೋಡಿದವಳು ನಾನು. ನನಗೆ ಸುಳ್ಳು ಹೇಳಬೇಡಿ. ಅದು ಯಾರು ಅಂತ ನಿಮ್ಮ ಬಾಯಿಯಿಂದ ಹೇಳಿ!"

ಅಬ್ದುಲ್ ಜಲೀಲ್ ಎದ್ದು, "ಯಲ್ಲಾ, ಊಟಕ್ಕೆ ಹೊರಡಿ ಎಲ್ಲರೂ, ಕೋಳಿ ತಣಿಯುತ್ತದೆ," ಎಂದು ಜನರನ್ನು ಹುಲ್ಲಿನ ಕಡೆಗೆ ಕಳಿಸಿ ಬಾಗಿಲು ಎಳೆದುಕೊಂಡ. ಒಳಗೆ ಉಳಿದವರು ಮನೆಯವರು ಮತ್ತು ಜಲೀಲ್. ಪರದೆಯ ಮೇಲೆ ಯತೀಶನ ಮುಖ ಹಾಗೆಯೇ ನಿಂತಿತ್ತು, ತಾಯಿಯನ್ನು ತುಳಿಯುವ ಕೋಪದಲ್ಲಿ.

"ಮಾವನ ಚಿಕ್ಕ ಪ್ರಾಯದ ಫೋಟೊ ಬೇಕಿತ್ತು ಚೆನ್ನೈಯವರಿಗೆ," ದೀಕ್ಷಿತ್ ಕೊನೆಗೆ ಬಾಯಿಬಿಟ್ಟ. "ಇರುವುದೆಲ್ಲ ನಾಟಕದ ಫೋಟೊ. ಎಲ್ಲದರಲ್ಲೂ ಬಣ್ಣ, ಬರೆದ ಮೀಸೆ, ಕಾಡಿಗೆಯ ಹುಬ್ಬು. ಬಣ್ಣ ಇಲ್ಲದ್ದು ಒಂದೂ ಇಲ್ಲ. ಅವರು ಮಾಡಿದ ಮೊದಲ ಮುಖ ಬೊಂಬೆಯ ಹಾಗೆ ಬಂತು. ಯತೀಶ ಮಾವನದ್ದೇ ಅಚ್ಚು ಅಲ್ವಾ ಅತ್ತೆ? ಶರ್ಮಿಳಾನ ಲ್ಯಾಪ್‌ಟಾಪಿನಲ್ಲಿ ಅವನ ವೀಡಿಯೊಗಳಿದ್ದವು…"

ಪುಷ್ಪಾವತಿಯ ಮಗಳು ಶರ್ಮಿಳಾ ಗೋಡೆಗೆ ಒರಗಿದಳು. ಅವು ಯತೀಶ ಯಾನ್ಬುವಿನ ರೂಮಿನಿಂದ ಶುಕ್ರವಾರಗಳಂದು ಅಕ್ಕನಿಗೆ ಕಳಿಸಿದ ವೀಡಿಯೊಗಳು. ಗಡ್ಡ ಬೋಳಿಸುತ್ತ ಅಮ್ಮನ ಸ್ವರ ಅಣಕಿಸುವುದು, ಬಂಗುಡೆ ಸಾರು ಕುದಿಸುತ್ತ ಉಪ್ಪು ಹೆಚ್ಚಾಯಿತೆಂದು ಬೈದುಕೊಳ್ಳುವುದು. ಆ ನಗುವಿನಿಂದ, ಆ ಉಪ್ಪಿನ ಸಿಡುಕಿನಿಂದ ಹೆಕ್ಕಿ ಹೆಕ್ಕಿ ಒಬ್ಬ ಕೊಲೆಗಾರನ ಮುಖ ಮಾಡಿದ್ದರು.

"ನನಗೂ ಹೇಳದೆ?" ಗಂಡನನ್ನು ಕೇಳಿ ಅಮ್ಮನ ಕಡೆ ತಿರುಗಿದಳು. "ನಾನು ಕೊಡಲಿಲ್ಲ ಅಮ್ಮಾ, ನನಗೆ ಗೊತ್ತೇ ಇರಲಿಲ್ಲ!"

"ಗೊತ್ತಾದರೆ ಕೊಡ್ತಿದ್ಯಾ ನೀನು?" ದೀಕ್ಷಿತ್ ಸಿಟ್ಟಿನಿಂದ ತಿರುಗಿದ. "ಯಾರ ಮುಖ ಅಂತ ಹೊರಗಿನವರಿಗೆ ಎಂತ ಗೊತ್ತುಂಟು? ಎಲ್ಲರೂ ಮಾವ ಅಂತಲೇ ಅಂದುಕೊಳ್ಳುವುದು. ಮತ್ತೆ, ಯತೀಶ ನನಗೆ ಪರಕೀಯನಾ? ಅವನ ಬಾಡಿ ಊರಿಗೆ ಕಳಿಸಲಿಕ್ಕೆ ಕೆಲಸಕ್ಕೆ ಕರೆಸಿದ ಕಫೀಲನ ಬಾಗಿಲು, ಆಸ್ಪತ್ರೆಯ ಬಾಗಿಲು ಅಂತ ಸುತ್ತಿದ್ದು ಯಾರು? ನಾನಲ್ವಾ?"

ಮದುವೆಯಾದಂದಿನಿಂದ ಅಳಿಯನಿಗೆ ಬಹುವಚನ ಬಿಟ್ಟು ಮಾತಾಡಿರದ ಪುಷ್ಪಾವತಿ ಅವನ ಮುಂದೆ ಬಂದು ನಿಂತಳು.

"ಹೌದು, ನೀನೇ. ಅದಕ್ಕೆ ನಿನ್ನ ಹೆಸರಿನಲ್ಲಿ ದಿನಾ ದೀಪ ಹಚ್ಚಿದ್ದೇನೆ. ಆದರೆ ಅದಕ್ಕೆ ಕೂಲಿ ಅಂತ ಅವನ ಮುಖ ತೆಗೆದುಕೊಂಡೆಯಾ? ಅವನು ಒಂದು ಇರುವೆಯನ್ನು ಹೊಸಕಿದವನಲ್ಲ. ಅವನ ಕೈಗೆ ಕತ್ತಿ ಕೊಟ್ಟಿ! ಸತ್ತವನು ಬೇಡ ಅಂತ ಹೇಳಲಾರ ಅಂತ ತಾನೇ ಧೈರ್ಯ?"

"ಹಾಗಲ್ಲ ಅತ್ತೆ…"

"ಬೇರೆ ಹೇಗೆ? ಬದುಕಿದ್ದಾಗ ಮೈ ದುಡಿಸಿದರು. ಸತ್ತ ಮೇಲೆ ಮುಖ ಉಳಿದಿತ್ತು, ಅದನ್ನು ನೀನು ದುಡಿಸಿದಿ!"

ಜಲೀಲ್ ತಲೆ ತಗ್ಗಿಸಿದ. "ದೀಕ್ಷಿತಾ, ನನ್ನ ಮನೆಯಲ್ಲಿ ಪೆರ್ನಾಲ್ ಹಬ್ಬದ ಊಟ ಮಾಡಿ ಹೋದ ಹುಡುಗ ಅವ. ನನಗೂ ನೀನು ಹೇಳ್ಲಿಲ್ಲ."

"ಈ ಸೀನ್ ಇಲ್ಲದಿದ್ದರೆ ಸಿನಿಮಾ ಇಲ್ಲ ಜಲೀಲ್ ಭಾಯ್! ಇಡೀ ಸಿನಿಮಾದಲ್ಲಿ ಜೀವ ಇರುವುದು ಇಲ್ಲಿ."

"ಜೀವ!" ಎಂದಳು ಪುಷ್ಪಾವತಿ. ಅವಳು ಗಂಡನ ಕಡೆಗೆ ತಿರುಗಿದಳು. ಕೊರಗಪ್ಪ ಅಷ್ಟು ಹೊತ್ತೂ ಕೂತಲ್ಲಿಂದ ಎದ್ದಿರಲಿಲ್ಲ. ರಂಗದ ಮೇಲೆ ಒಂದು ಕೆಮ್ಮಿನಿಂದ ಸಭೆ ಅಲುಗಾಡಿಸುತ್ತಿದ್ದ ಮನುಷ್ಯ, ಎರಡು ಕೈಯನ್ನೂ ಮೊಣಕಾಲಿನ ಮೇಲಿಟ್ಟು ನೆಲ ನೋಡುತ್ತಿದ್ದ. ಆ ಮೌನ ಅವಳಿಗೆ ಪರಿಚಯದ್ದು. ಅದು ಆಘಾತದ ಮೌನವಲ್ಲ…

"ನಿಮಗೆ ಗೊತ್ತಿತ್ತು," ಎಂದಳು.

"ಡಬ್ಬಿಂಗಿನ ದಿನ ನೋಡಿದೆ."

"ನೋಡಿ?"

"ಸ್ವರ ಕೊಟ್ಟೆ," ಎಂದ ಕೊರಗಪ್ಪ. "ಬೇಡ ಅಂತ ಹೇಳ್ಲಿಕ್ಕೇ ಬಾಯಿ ತೆರೆದದ್ದು ಪುಷ್ಪಾ… ಆದರೆ ನಾನು ಮಾತಾಡಿದಾಗ ಅವನ ತುಟಿ ಅಲ್ಲಾಡಿತು. ನಾನು ನಿಲ್ಲಿಸಿದರೆ ಅವನೂ ಸುಮ್ಮನಾಗ್ತಿದ್ದ. ನನಗೆ ನಿಲ್ಲಿಸಲಿಕ್ಕೆ ಆಗ್ಲಿಲ್ಲ."

"ಎಂತ ಮಾತಾಡಿಸಿದಿರಿ ಅವನಿಂದ? 'ಬಿಡು ಮುದುಕಿ' ಅಂತ! ನನ್ನ ಮಗನ ಬಾಯಿಯಿಂದ, ನನಗೆ! ಅವನು ಹೊರಡುವ ದಿನ ಹೋಗಬೇಡ ಅಂತ ನಾನು ಹೇಳ್ಲಿಲ್ಲ. ನಗುನಗುತ್ತ ಕಳಿಸಿದೆ. ಅದನ್ನು ಈಗ ನನ್ನಿಂದ ಹೇಳಿಸಿ, ಒದೆಸಿದಿರಾ? ಅಯ್ಯೋ… ಅಳಿಯನಿಗೆ ಅವನು ಹೊರಗಿನವ, ಬಿಡಿ. ನಿಮಗೆ?"

ಕೊರಗಪ್ಪ ಮೆಲ್ಲಗೆ ಎದ್ದು ಅಳಿಯನ ಹತ್ತಿರ ಹೋದ.

"ಆ ಮುಖ ತೆಗಿ ದೀಕ್ಷಿತಾ. ನನ್ನ ಮುದಿಮುಖವೇ ಇರಲಿ."

"ಎಪ್ಪತ್ತರ ಹತ್ತಿರದವರು ಇಪ್ಪತ್ತೆಂಟು ಅಂತ ನಿಂತರೆ ಜನ ನಗ್ತಾರೆ ಮಾವ! ನಿಮ್ಮ ಹೆಸರು ಎಲ್ಲ ಕಡೆ ಹೋಗುವ ಚಾನ್ಸ್ ಇದು."

"ಅರವತ್ತಕ್ಕೆ ಬಣ್ಣ ಹಚ್ಚಿ ಮದುಮಗ ಆಗಿ ನಿಂತಿದ್ದೇನೆ. ಯಾರೂ ನಗ್ಲಿಲ್ಲ. ಈಗ ನಕ್ಕರೆ ನಗ್ಲಿ. ಬಣ್ಣ ಹಚ್ಚಿ ಇನ್ನೊಮ್ಮೆ ತೆಗಿ. ಇಲ್ಲದಿದ್ದರೆ ಉಳಿದ ಡಬ್ಬಿಂಗಿಗೆ ನಾನು ಬರುವುದಿಲ್ಲ. ಸ್ವರ ಇಲ್ಲದ ಆ ಮುಖ ಇಟ್ಟುಕೊಂಡು ಎಂತ ಮಾಡ್ತೀಯೊ ಮಾಡು."

ದೀಕ್ಷಿತ್ ನೆರವಿಗಾಗಿ ಹೆಂಡತಿಯ ಮುಖ ನೋಡಿದ. ಶರ್ಮಿಳಾ ಅಳುತ್ತಿರಲಿಲ್ಲ.

"ಆಗ ನಮ್ಮ ಪುಟ್ಟಿ ನನ್ನ ಕಿವಿಯಲ್ಲಿ ಕೇಳಿದ್ದು ಗೊತ್ತುಂಟಾ? 'ಯತಿ ಮಾಮ ಅಜ್ಜಿಯನ್ನು ಯಾಕೆ ಒದ್ರು?' ಅಂತ. ಅವನನ್ನು ಅವಳು ಆ ವೀಡಿಯೊದಲ್ಲೇ ಕಂಡದ್ದು. ಹೊರಗೆ ಆಡ್ತಾ ಇದ್ದಾಳೆ. ಹೋಗಿ ನೀವೇ ಉತ್ತರ ಹೇಳಿ."

ದೀಕ್ಷಿತ್ ಬಾಗಿಲಿನವರೆಗೆ ಹೋದ. ಹೊರಗಿನಿಂದ ಮಗಳು "ಪಪ್ಪಾ, ಕಮ್!" ಎಂದು ಕೂಗುತ್ತಿದ್ದಳು. ಹಿಡಿಕೆಯ ಮೇಲೆ ಕೈಯಿಟ್ಟ. ಬಾಗಿಲು ತೆರೆಯಲಿಲ್ಲ. ವಾಪಸು ಬಂದು ಪ್ರೊಜೆಕ್ಟರ್ ಆರಿಸಿದ.

ಮರುದಿನ ಬೆಳಿಗ್ಗೆ, ದೀಕ್ಷಿತನ ಫ್ಲ್ಯಾಟ್. ಅವನು ಚೆನ್ನೈಗೆ ಫೋನ್ ಮಾಡಿ, ಬೈಸಿಕೊಂಡು, ಯತೀಶನ ಮುಖವಿದ್ದುದನ್ನೆಲ್ಲ ಅಳಿಸಲು ಹೇಳಿದ್ದ. ಮನೆಯ ಲ್ಯಾಪ್‌ಟಾಪಿನಲ್ಲಿದ್ದ ಪ್ರತಿಯೊಂದೇ ಬಾಕಿ. ಅದನ್ನು ಮೇಜಿನ ಮೇಲಿಟ್ಟು ತೆರೆದಾಗ ಅಡುಗೆಮನೆಯಿಂದ ಪುಷ್ಪಾವತಿ ಬಂದಳು. ಕೈ ಸೀರೆಗೆ ಒರೆಸಿಕೊಂಡಳು.

"ಆ ಭಾಗ ಒಮ್ಮೆ ಹಾಕಿ," ಎಂದಳು. ಬಹುವಚನ ಮರಳಿ ಬಂದಿತ್ತು. ಅದರಲ್ಲಿ ಬಿಸಿಯಿರಲಿಲ್ಲ. "ಸ್ವರ ಬೇಡ."

ತಾಯಿ ಕಾಲು ಹಿಡಿದಳು. ಮಗನ ತುಟಿ ಅಲ್ಲಾಡಿತು. ತಾಯಿ ಮುಗ್ಗರಿಸಿ ನೆಲಕ್ಕೆ ಮುಖವಾಗಿ ಬಿದ್ದಳು. ಶೂಟಿಂಗಿನ ದಿನ ಪುಷ್ಪಾವತಿಗೆ ಗೊತ್ತಿದ್ದುದು ಅಷ್ಟೇ. ನೆಲದ ಸಿಮೆಂಟು, ದೂರ ಹೋಗುವ ಹೆಜ್ಜೆಯ ಸದ್ದು. ಹಿಂದಿನ ದಿನವೂ ಅವಳು ಅಲ್ಲಿಗೇ ಕೂಗಿ ನಿಲ್ಲಿಸಿದ್ದಳು. ಈಗ ಮುಂದೆ ನೋಡಿದಳು.

ಮಗ ಬಾಗಿಲಿಗೆ ಹೋದ. ಹೊಸ್ತಿಲು ದಾಟುವಷ್ಟರಲ್ಲಿ ನಿಂತ. ತಿರುಗಿದ.

ಯತೀಶ ಯಾನ್ಬುವಿಗೆ ಹೊರಟ ದಿನ ತಿರುಗಿರಲಿಲ್ಲ. ತಿರುಗಿದರೆ ಹೋಗಲಿಕ್ಕಾಗುವುದಿಲ್ಲ ಎಂದು ರಿಕ್ಷಾದಲ್ಲಿ ಬೆನ್ನು ಹಾಕಿಯೇ ಕೈ ಬೀಸಿದ್ದ. ಈಗ ಆ ಮುಖ ತಿರುಗಿತು, ನೆಲದಲ್ಲಿ ಬಿದ್ದವಳನ್ನು ನೋಡಿತು… ಹುಬ್ಬು ಮಗನದು, ಕೆನ್ನೆ ಮಗನದು. ಆದರೆ ಆ ನೋಟ? ಆ ನೋಟವನ್ನು ಅವಳು ಹಿಂದೆ ಒಮ್ಮೆ ಕಂಡಿದ್ದಳು. ಮಂಗಳೂರು ವಿಮಾನ ನಿಲ್ದಾಣದ ಕಾರ್ಗೊ ಗೇಟಿನಲ್ಲಿ. ಪೆಟ್ಟಿಗೆ ಬಿಡಿಸಿಕೊಳ್ಳಲು ಒಬ್ಬರೇ ಒಳಗೆ ಬನ್ನಿ ಎಂದಾಗ, ಅವಳನ್ನು ಹೊರಗೆ ಬಿಟ್ಟು ಹೋದ ಕೊರಗಪ್ಪ ಗೇಟಿನಲ್ಲಿ ನಿಂತು ಹೀಗೆಯೇ ತಿರುಗಿ ನೋಡಿದ್ದ.

"ತಿರುಗಲಿಕ್ಕೆ ಡೈರೆಕ್ಟರ್ ಹೇಳಿದ್ದಾ?" ಪರದೆಯಿಂದ ಕಣ್ಣು ತೆಗೆಯದೆ ಕೇಳಿದಳು.

ಕಿಟಕಿಯ ಬಳಿ ಕೂತಿದ್ದ ಕೊರಗಪ್ಪ ತಲೆಯಾಡಿಸಿದ. "ಇಲ್ಲ. ಆಗ ಯತೀಶನ ಮುಖ ಹಾಕ್ತಾರೆ ಅಂತಲೂ ನನಗೆ ಗೊತ್ತಿರ್ಲಿಲ್ಲ. ನೀನು ಬಿದ್ದಿದ್ದಿ. ಕಾಲು ಮುಂದೆ ಹೋಗ್ಲಿಲ್ಲ, ಅಷ್ಟೆ."

ಪುಷ್ಪಾವತಿಯ ಕಣ್ಣು ತುಂಬಿ ಹರಿಯಿತು. ಒರೆಸಿಕೊಳ್ಳಲಿಲ್ಲ.

"ಸಾಕು," ಎಂದಳು. "ಅಳಿಸಿ."

ದೀಕ್ಷಿತನ ಬೆರಳು ಅಲ್ಲೇ ನಿಂತಿತು. "ಅತ್ತೆ… ಬೇಕಾದರೆ ಇದೊಂದನ್ನು ನೀವು ಇಟ್ಟುಕೊಳ್ಳಿ. ಯಾರಿಗೂ ತೋರಿಸುವುದು ಬೇಡ."

"ನನಗೆ ಇಟ್ಟುಕೊಳ್ಳಲಿಕ್ಕೆ ಬಂಗುಡೆ ಸಾರಿನ ಯತೀಶ ಉಂಟು. ಇದು ಬೇಡ. ಒತ್ತಿ. ಕೇಳದೆ ತೆಗೆದುಕೊಂಡವರ ಕೈಯಿಂದಲೇ ಹೋಗಬೇಕು."

ಅವನು ಒತ್ತಿದ. ತಲೆ ಎತ್ತಲಿಲ್ಲ. ಅವಳೂ ಅವನಿಗೆ ಸಮಾಧಾನ ಹೇಳಲಿಲ್ಲ. ಕಿಟಕಿಯ ಬಳಿ ಹೋಗಿ ಗಂಡನ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿದಳು. ಹಿಂದೆ ಬಣ್ಣ ಹಚ್ಚುವ ಚೌಕಿಯಲ್ಲಿ, ನಾಟಕ ಶುರುವಾಗುವ ಮೊದಲು ನೋಡುತ್ತಿದ್ದ ಹಾಗೆ ನೋಡಿದಳು.

"ಬಣ್ಣ ನಾನೇ ಹಚ್ಚುತ್ತೇನೆ," ಎಂದಳು. "ಕಾಡಿಗೆ ಜಾಸ್ತಿ ಬೇಕಾಗ್ತದೆ. ಹುಬ್ಬೆಲ್ಲ ನರೆತು ಹೋಗಿದೆ ನಿಮ್ಮದು."