ನಾಳೆ ಹೇಳ್ತೀನಿ

ನನ್ನ ಹೆಂಡತಿ ಮೊದಲ ಸಲ ನಮ್ಮ ಮನೆಗೆ ಬಂದದ್ದೇ ಮೂಗು ಮುಚ್ಚಿಕೊಂಡು.

ನನ್ನ ಅಕ್ಕನ ಮದುವೆ ಬಟ್ಟೆಗೆ ಅಳತೆ ತೆಗೆಯಲು ಪೇಟೆಯ ಟೈಲರ್ ತಮ್ಮ ಮಗಳನ್ನು ಕಳಿಸಿದ್ದರು. ಕೊರಳಲ್ಲಿ ಟೇಪು, ಕಿವಿಯ ಮೇಲೆ ಪೆನ್ಸಿಲ್ಲು. ಕೊಟ್ಟಿಗೆಯಲ್ಲಿ ಸಗಣಿ ಬಾಚುತ್ತಿದ್ದ ನನ್ನನ್ನು ಆಳು ಎಂದುಕೊಂಡಳು.

"ಈ ವಾಸನೇಲಿ ಹೆಂಗಪ್ಪಾ ಬದುಕ್ತೀರಾ? ನನ್ ಕೈಲಂತೂ ಒಂದಿನಾನೂ ಆಗಲ್ಲ."

"ಸರಿ, ಯಜಮಾನ್ರ ಮಗನಿಗೆ ಹೇಳ್ತೀನಿ," ಅಂದೆ.

"ಹೇಳಿ ಹೇಳಿ. ಅವರಿಗೂ ಮೂಗು ಅಂತ ಒಂದು ಇರುತ್ತಲ್ಲ!"

ಸಂಜೆ ಹೊರಡುವಾಗ ನಾನು ಯಾರೆಂದು ತಿಳಿದು ಕಿವಿಯವರೆಗೂ ಕೆಂಪಾದಳು. ಕ್ಷಮೆ ಗಿಮೆ ಏನೂ ಕೇಳಲಿಲ್ಲ. ಬೇಲಿಯ ಹತ್ತಿರ ನಿಂತು ಒಂದು ಸಲ ತಿರುಗಿ ನೋಡಿದಳು, ತುಟಿ ಕಚ್ಚಿ ನಗು ತಡೆದುಕೊಂಡಳು. ನಾನು ಅಲ್ಲೇ ಬಿದ್ದುಹೋದೆ.

ನಾಲ್ಕು ತಿಂಗಳಿಗೆ ಸಂಬಂಧ ಕೇಳಲು ಹೋದಾಗ, ಹುಡುಗಿ ಒಪ್ಪುವುದಿಲ್ಲ ಎಂದೇ ಎಲ್ಲರ ಲೆಕ್ಕ. ಅವಳು ಹೂಂ ಅಂದುಬಿಟ್ಟಳು.

ಯಾಕೆ ಅಂದಳು? ಮೂವತ್ತೊಂದು ವರ್ಷದಿಂದ ಇದೊಂದು ಪ್ರಶ್ನೆ ನನ್ನ ತಲೆ ತಿನ್ನುತ್ತಿದೆ. ಐದು ಮಕ್ಕಳಲ್ಲಿ ಅವಳೇ ಹಿರಿಯವಳು. ತಮ್ಮ ತಂಗಿಯರನ್ನು ಎತ್ತಿ ಆಡಿಸುವುದರಲ್ಲೇ ಶಾಲೆ ತಪ್ಪಿಹೋಗಿತ್ತು; ಟೇಪಿನ ಅಂಕಿ ಬಿಟ್ಟರೆ ಒಂದಕ್ಷರ ಓದಲು ಬರೆಯಲು ಬಾರದು. ಮನೆಯಲ್ಲಿ ಒಂದು ತಟ್ಟೆ ಕಡಿಮೆಯಾಗಲಿ ಎಂದು ಅಪ್ಪ ತಳ್ಳಿದರೋ, ನನ್ನನ್ನು ಮೆಚ್ಚಿ ತಾನೇ ಬಂದಳೋ? ಕೇಳಿದಾಗಲೆಲ್ಲ ಒಂದೇ ಉತ್ತರ.

"ಹಾಲು ಕರೆಯೋದಿದೆ ಕಣ್ರೀ. ನಾಳೆ ಹೇಳ್ತೀನಿ."

ನಮ್ಮ ಮನೆಯಲ್ಲಿ ಗುಡ್ಡದಿಂದ ಹಸುಗಳನ್ನು ಕೂಗಿ ಕರೆಯುವುದು ಹೆಂಗಸರ ಕೆಲಸ. ಅಜ್ಜಿ ಅಮ್ಮನಿಗೆ ಕಲಿಸಿದ ಕೂಗು. ತಗ್ಗಿನಲ್ಲಿ ಶುರುವಾಗಿ, ಮೇಲೇರಿ, ತುದಿಯಲ್ಲಿ ಸ್ವಲ್ಪ ಒಡೆಯುತ್ತದೆ. ಇವಳು ಹೊಸದಾಗಿ ಬಂದಾಗ ಎಷ್ಟು ಕೂಗಿದರೂ ಒಂದು ಹಸುವೂ ತಲೆ ಎತ್ತುತ್ತಿರಲಿಲ್ಲ. ಹುಲ್ಲಿನ ಬಣವೆಯ ಹಿಂದೆ ನಿಂತು ಅತ್ತಳು. ಅಮ್ಮ ಹಿಂದಿನಿಂದ ಬಂದು ಅವಳ ಹೊಟ್ಟೆಯ ಮೇಲೆ ಕೈಯಿಟ್ಟು, "ಗಂಟಲಿಂದ ಅಲ್ಲಮ್ಮಾ, ಇಲ್ಲಿಂದ ಕೂಗು" ಅಂದರು. ಹಸುಗಳು ಅವಳ ಕೂಗಿಗೆ ಬರಲು ಒಂದು ವರ್ಷ ಹಿಡಿಯಿತು. ಅವು ಮೊದಲ ಸಲ ಬಂದ ಸಂಜೆ ಅಮ್ಮ ಹಾಲಿನ ಬಕೆಟ್ಟನ್ನು ಸೊಸೆಯ ಕೈಗಿಟ್ಟು ಒಳಗೆ ಹೋಗಿ ಮಲಗಿದರು. ಮತ್ತೆ ಕೊಟ್ಟಿಗೆಯ ಕಡೆ ತಲೆ ಹಾಕಲಿಲ್ಲ.

ಆಮೇಲೆ ಅವಳು ಇಬ್ಬರನ್ನು ಹೆತ್ತಳು, ಒಬ್ಬಳನ್ನು ಉಳಿಸಿಕೊಂಡಳು. ಮಗುವನ್ನು ಮಣ್ಣಿಗಿಟ್ಟ ದಿನವೂ ಸಂಜೆ ಎದ್ದು ಹೋಗಿ ಹಸುಗಳನ್ನು ಕೂಗಿದಳು. ನಾನು ಗೋಡೆ ಹಿಡಿದು ನಿಂತಿದ್ದೆ.

ಈ ವರ್ಷ ಅವಳ ದನಿ ಒಡಕಾಯಿತು. ಶೀತ ಅಂದುಕೊಂಡೆವು. ಡಾಕ್ಟರು ಗಂಟಲೊಳಗೆ ಲೈಟು ಬಿಟ್ಟು ನೋಡಿ, "ಧ್ವನಿಪೆಟ್ಟಿಗೇನೇ ತೆಗೀಬೇಕಾಗುತ್ತೆ. ಜೀವ ಉಳಿಯುತ್ತೆ, ದನಿ ಉಳಿಯಲ್ಲ" ಅಂದರು.

ಅವಳು ಕೇಳಿದ್ದು ಒಂದೇ. "ಹಸುಗಳನ್ನ ಯಾರು ಕೂಗಿ ಕರೀತಾರೆ?"

ಅಲ್ಲಿಂದ ನನಗೆ ಪಾಠ ಶುರುವಾಯಿತು. ಬೇಲಿಯ ಹತ್ತಿರ ನಿಂತು ನಾನು ಕೂಗುವುದು, ಹಸುಗಳು ಇನ್ನೂ ಮೇಲಕ್ಕೆ ಹತ್ತುವುದು.

"ಅಯ್ಯೋ, ನಿಲ್ಸಿ ಸಾಕು! ಪಕ್ಕದ ಊರಿನ ಹಸುಗಳೂ ಓಡಿಹೋಗ್ತಾವೆ."

"ನೀನೇ ತೋರ್ಸು ಮತ್ತೆ."

"ಇಲ್ಲಿಂದ ರೀ," ಎಂದು ನನ್ನ ಹೊಟ್ಟೆಗೆ ಬೆರಳಿನಿಂದ ತಿವಿದಳು. "ಇಷ್ಟು ದೊಡ್ಡದಾಗಿ ಬೆಳೆಸಿದ್ದೀರಲ್ಲ, ಒಂದಿನ ಆದ್ರೂ ಉಪಯೋಗಕ್ಕೆ ಬರ್ಲಿ."

ಅವಳು ಕಡೆಗಣ್ಣಿನಲ್ಲಿ ನೋಡಿ ನಕ್ಕರೆ ನನಗೆ ಈಗಲೂ ಎದೆ ಝಲ್ಲೆನ್ನುತ್ತದೆ. ನಕ್ಕು ಮುಗಿಸಿ ಕೆಮ್ಮಿದಳು. ನಾನು ಬೆನ್ನು ಸವರಿದೆ. ಇನ್ನೇನು ಮಾಡಲಿ?

ಮಗಳು ರಜೆ ಹಾಕಿ ಬಂದು ಅಮ್ಮನ ಕೂಗನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಟ್ಟಳು. ಹಸುಗಳಿಗೆ ಅವಳ ದನಿ ಉಳಿಯಿತು. ನನ್ನ ಉತ್ತರವನ್ನು ಯಾರು ರೆಕಾರ್ಡ್ ಮಾಡುತ್ತಾರೆ? ಮಗಳ ಮುಂದೆ ಕೇಳಲು ನಾಚಿಕೆಯಾಯಿತು.

ಆಪರೇಷನ್ನಿನ ಹಿಂದಿನ ದಿನ ತಡೆಯಲಾಗದೆ ಕೇಳಿದೆ. "ಇವತ್ತಾದ್ರೂ ಹೇಳು. ಯಾಕೆ ಒಪ್ಕೊಂಡೆ?"

"ನಾಳೆ ಹೇಳ್ತೀನಿ."

"ನಾಳೆ ಆಪರೇಷನ್ನು ಕಣೇ!"

"ಅದು ಹನ್ನೊಂದಕ್ಕಲ್ವಾ? ಹತ್ತಕ್ಕೆ ಹೇಳ್ತೀನಿ. ಕೊನೇ ಮಾತು ನಿಮಗೇ ಅಂತ ಎತ್ತಿಟ್ಟಿದ್ದೀನಿ." ಹಾಗೆನ್ನುವಾಗ ನನ್ನ ಶರ್ಟಿನ ಗುಂಡಿ ಹಿಡಿದು ತಿರುಗಿಸುತ್ತಿದ್ದಳು, ಹೊಸ ಮದುವಣಗಿತ್ತಿಯ ಹಾಗೆ.

ಮರುದಿನ ಬೆಳಿಗ್ಗೆ ವಾರ್ಡಿನಲ್ಲಿ ಒಬ್ಬರಲ್ಲ ಒಬ್ಬರು ಬರುತ್ತಲೇ ಇದ್ದರು. ರಕ್ತ, ಬಿಪಿ, ಹೆಬ್ಬೆಟ್ಟಿನ ಗುರುತು. ಹತ್ತಕ್ಕೆ ಐದು ನಿಮಿಷವಿದೆ ಎನ್ನುವಾಗ ಕೋಣೆ ಖಾಲಿಯಾಯಿತು. ಅವಳು ನನ್ನ ಕೈ ಹಿಡಿದು, ಗಂಟಲು ಸರಿಮಾಡಿಕೊಂಡಳು.

"ರೀ, ಆವತ್ತು ನಾನು..."

ಬಾಗಿಲು ತೆರೆಯಿತು. ಡಾಕ್ಟರು ಬೇಗ ಬಂದಿದ್ದಾರಂತೆ. ನರ್ಸ್ ಸ್ಟ್ರೆಚರ್ ತಳ್ಳುತ್ತಾ, "ಕಟ್ಟಿಸಿದ ಹಲ್ಲು ಏನಾದ್ರೂ ಇದೆಯಾಮ್ಮಾ?" ಎಂದು ಕೇಳಿದಳು. ನಾನು ಪಕ್ಕದಲ್ಲೇ ಓಡುತ್ತಿದ್ದೆ.

"ಇಲ್ಲ," ಅಂದಳು. ಬಾಗಿಲು ಮುಚ್ಚಿತು. ನಾನು ಕೇಳಿದ ಅವಳ ಕೊನೆಯ ಮಾತು ಅದು.

ಹದಿನೆಂಟನೆಯ ದಿನ ಮನೆಗೆ ಬಂದೆವು. ಕಿಟಕಿಯ ಪಕ್ಕದ ಮಂಚದಲ್ಲಿ ದಿಂಬಿಗೆ ಒರಗಿಸಿ, ಕುತ್ತಿಗೆಯ ಬಟ್ಟೆ ಸರಿಮಾಡಿ, ಎದುರಿಗೆ ಕುಳಿತೆ. ಮೂವತ್ತೊಂದು ವರ್ಷ ನಾನೂ ಹೇಳದ್ದು ಬಾಯಿಗೆ ಬಂತು.

"ನೋಡು, ನೀನು ಬೇರೆ ದಾರಿ ಇಲ್ದೆ ಬಂದೆಯೇನೋ ಅಂತ ಹೆದರ್ಕೊಂಡೇ ಬದುಕಿದೀನಿ. ನಂಗೆ ನಿನ್ನ ಬಿಟ್ರೆ ಯಾರೂ ಬೇಕಾಗಿರ್ಲಿಲ್ಲ. ಈಗ್ಲೂ ಬೇಡ. ಇಷ್ಟ ಕಣೇ ನಿನ್ನ ಕಂಡ್ರೆ, ತುಂಬಾ ಇಷ್ಟ."

ಅವಳ ಕಣ್ಣು ತುಂಬಿತು. ತುಟಿಗಳು ಅಲುಗತೊಡಗಿದವು. ಉದ್ದ ಮಾತು. ನಡುವೆ ಒಮ್ಮೆ ನಕ್ಕಳು, ಒಮ್ಮೆ ನನ್ನತ್ತ ಬೆರಳು ತೋರಿದಳು. ನನಗೆ ಒಂದು ಪದವೂ ತಿಳಿಯಲಿಲ್ಲ.

"ಇನ್ನೊಂದ್ಸಲ," ಅಂದೆ.

ನಿಧಾನವಾಗಿ, ಮಗುವಿಗೆ ಹೇಳುವ ಹಾಗೆ ಬಿಡಿಸಿ ಬಿಡಿಸಿ ಹೇಳಿದಳು. ತಿಳಿಯಲಿಲ್ಲ. ಮೂರನೆಯ ಸಲ ಹೇಳುವಾಗ ಉಸಿರು ಸಾಲದೆ ಹಣೆಯ ಮೇಲೆ ಬೆವರು ಬಂತು. ಆದರೂ ನನ್ನ ಮುಖವನ್ನೇ ನೋಡುತ್ತಿದ್ದಳು, ಆಸೆಯಿಂದ.

"ಗೊತ್ತಾಯ್ತು," ಅಂದೆ. "ಗೊತ್ತಾಯ್ತು ಬಿಡೇ."

ಅವಳ ಮುಖ ಅರಳಿತು. ನನ್ನ ಗಡ್ಡದ ಕೆನ್ನೆಯನ್ನು ಒಮ್ಮೆ ಸವರಿ, ದೊಡ್ಡ ಕೆಲಸ ಮುಗಿಸಿದವಳಂತೆ ಕಣ್ಣು ಮುಚ್ಚಿ ಮಲಗಿದಳು. ಅಷ್ಟು ನೆಮ್ಮದಿಯಾಗಿ ಅವಳು ಮಲಗಿದ್ದನ್ನು ನಾನು ಎಂದೂ ನೋಡಿರಲಿಲ್ಲ.

ಗೊತ್ತಾಯ್ತು ಅಂದುಬಿಟ್ಟೆನಲ್ಲ, ಇನ್ನು ಯಾವ ನಾಳೆಯೂ ನಾನದನ್ನು ಕೇಳುವಂತಿಲ್ಲ.