ಹತ್ತೊಂಬತ್ತು ಟೇಕುಗಳ ಹಾಡು

"ನಿಲ್ಸಿ, ನಿಲ್ಸಿ. ಕೊನೇ ಸಾಲಲ್ಲಿ ದನಿ ಒಡೀತಾ ಇದೆ. ನಿನ್ನೆ ಪಾರ್ಟಿ ಜೋರಾಗಿತ್ತಾ?"

ಗಾಜಿನ ಈಚೆ ಕೂತು ಅವಳು ಮೈಕಿನಲ್ಲಿ ಅವನಿಗೆ ಹೇಳಿದ ಮೊದಲ ಮಾತು ಅದು. ಗಾಜಿನ ಆಚೆ, ತಲೆಗಿಂತ ದೊಡ್ಡ ಹೆಡ್‌ಫೋನ್ ಹಾಕಿಕೊಂಡು ನಿಂತಿದ್ದ ಸಣ್ಣ ಆಳು ಕತ್ತೆತ್ತಿ ನೋಡಿದ. ಏನೋ ಹೇಳಲು ಬಾಯಿ ತೆರೆದ. ಆಮೇಲೆ ಮನಸ್ಸು ಬದಲಾಯಿಸಿದವನಂತೆ ನಕ್ಕುಬಿಟ್ಟ.

"ಹೂಂ ಮೇಡಂ. ಭರ್ಜರಿ ಪಾರ್ಟಿ."

"ನಾಚಿಕೆ ಆಗ್ಬೇಕು. ರೆಕಾರ್ಡಿಂಗ್ ಹಿಂದಿನ ದಿನ ಯಾರಾದ್ರೂ ಹೀಗೆ ಮಾಡ್ತಾರಾ?"

"ಆಗ್ತಾ ಇದೆ, ತುಂಬಾ ಆಗ್ತಾ ಇದೆ. ಇನ್ನೊಂದು ಸಲ ಹಾಡ್ಲಾ?"

"ಹಾಡ್ದೆ ಎಲ್ಲಿಗೆ ಹೋಗ್ತೀರಿ?"

ಡ್ರಮ್ಸಿನ ಹಿಂದೆ ಕೂತಿದ್ದವನು ಮಾತ್ರ ನಗಲಿಲ್ಲ. ತಲೆ ತಗ್ಗಿಸಿ ಕೈಯಲ್ಲಿದ್ದ ಕೋಲುಗಳನ್ನೇ ನೋಡುತ್ತ ಕೂತ. ಅವಳು ಅದನ್ನು ಗಮನಿಸಿದಳು. ಅರ್ಥ ಮಾಡಿಕೊಳ್ಳುವ ಗೋಜಿಗೆ ಹೋಗಲಿಲ್ಲ.

ಆ ಸ್ಟುಡಿಯೋ ಒಂದು ಕಾಲಕ್ಕೆ ಮೇಜು ಕುರ್ಚಿ ತುಂಬಿಡುವ ಗೋದಾಮು. ಗೋಡೆಗೆಲ್ಲ ಹಳೇ ಕೌದಿ ಹೊಡೆದು ಸದ್ದು ಕಟ್ಟಿಹಾಕಿದ್ದರು. ಅವಳು ಅಲ್ಲಿ ಒಂಬತ್ತು ವರ್ಷದಿಂದ ಇದ್ದಳು. ಹಾಡಿದ್ದನ್ನು ಟೇಪಿಗೆ ಇಳಿಸುವುದು, ಆಮೇಲೆ ಟೇಪನ್ನು ಬ್ಲೇಡಿನಲ್ಲಿ ಕತ್ತರಿಸಿ, ಒಳ್ಳೆಯ ಚೂರುಗಳನ್ನು ಅಂಟಿಸಿ ಒಂದು ಹಾಡು ಮಾಡುವುದು ಅವಳ ಕೆಲಸ. ಬೆಸುಗೆ ಎಲ್ಲಿದೆ ಎಂದು ಹಾಡಿದವನಿಗೇ ಗೊತ್ತಾಗುತ್ತಿರಲಿಲ್ಲ. ಅದಕ್ಕೇ ಎಲ್ಲರೂ ಅವಳನ್ನು ಬ್ಲೇಡ್ ಮೇಡಂ ಎನ್ನುತ್ತಿದ್ದರು. ತಪ್ಪು ಹುಡುಕಿ ಹುಡುಕಿ ತಲೆ ತಿನ್ನುತ್ತಾಳೆ ಎಂಬ ಇನ್ನೊಂದು ಅರ್ಥವೂ ಆ ಹೆಸರಿನಲ್ಲಿತ್ತು. ಅದೂ ಅವಳಿಗೆ ಗೊತ್ತಿತ್ತು.

ಹಾಡುವವನನ್ನು ಅವನ ತಂಡದವರು ಗುಬ್ಬಿ ಎಂದು ಕರೆಯುತ್ತಿದ್ದರು. ಮೈ ಗುಬ್ಬಿಯದು, ದನಿ ಮಾತ್ರ ಬೀದಿ ತುಂಬುವಂಥದ್ದು. ನಾಲ್ಕು ಜನರ ರಾಕ್ ತಂಡ. ಕಾಲೇಜು ಹಾಲುಗಳಲ್ಲಿ ನುಡಿಸಿ ನುಡಿಸಿ ಕೊನೆಗೊಂದು ರೆಕಾರ್ಡ್ ಕಂಪನಿಯ ಕಣ್ಣಿಗೆ ಬಿದ್ದಿದ್ದರು. ಎರಡು ದಿನ, ಎರಡು ಹಾಡು. ರೆಕಾರ್ಡಿನ ಮುಂಬದಿಗೆ 'ಕುಣಿ ಶನಿವಾರ' ಎಂಬುದು ಕಂಪನಿಯ ಆಯ್ಕೆ. ಅದು ಮೊದಲ ದಿನ ಬೆಳಿಗ್ಗೆ ಒಂದೇ ಟೇಕಿಗೆ, ಅವಳು ಮೈಕು ಮುಟ್ಟುವ ಮುಂಚೆಯೇ ಮುಗಿಯಿತು. ಹಿಂಬದಿಗೆ ಏನಾದರೂ ಹಾಕಿಕೊಳ್ಳಿ ಎಂದಿದ್ದರು. ಗುಬ್ಬಿ ತಾನೇ ಬರೆದ 'ಏಳನೇ ಮಹಡಿ' ತಂದಿದ್ದ.

ಲಿಫ್ಟು ಕೆಟ್ಟಿದೆ. ಏಳನೇ ಮಹಡಿಯ ಹುಡುಗಿಯನ್ನು ಒಬ್ಬ ಬೀದಿಯಲ್ಲಿ ನಿಂತು ಕರೆಯುತ್ತಾನೆ. ಅಷ್ಟೇ ಹಾಡು. ಕೊನೆಯಲ್ಲಿ 'ಇಳಿದು ಬಾ' ಎಂದು ಒಂದೇ ಉಸಿರಿನಲ್ಲಿ ದನಿ ಏರಿಸಿ ಹಿಡಿದು ನಿಲ್ಲಬೇಕು. ಅಲ್ಲೇ ಒಡೆಯುತ್ತಿತ್ತು.

"ಇನ್ನೊಂದು ಸಲ," ಎಂದಳು ಅವಳು. ಹಾಡಿದ.

"ಚೆನ್ನಾಗಿತ್ತು. ಇನ್ನೊಂದು ಸಲ."

"ಚೆನ್ನಾಗಿದ್ರೆ ಇನ್ನೊಂದು ಸಲ ಯಾಕೆ ಮೇಡಂ?"

"ಚೆನ್ನಾಗಿರೋದು ಸಾಲದು."

ಅವನು ಗಾಜಿನ ಹತ್ತಿರ ಬಂದು, ಹಣೆ ತಾಗಿಸಿ, ಅವಳನ್ನು ಮೇಲಿಂದ ಕೆಳಗೆ ಅಲ್ಲ, ಬರೀ ಕಣ್ಣಲ್ಲಿ ಕಣ್ಣಿಟ್ಟು ನೋಡಿದ. ಅವನ ಉಸಿರು ಗಾಜಿನ ಮೇಲೆ ಒಂದು ಬಿಳಿ ಚುಕ್ಕೆಯಾಗಿ ಮೂಡಿ ಮಾಯವಾಯಿತು. ಅವಳು ಸುಮ್ಮನೆ ಯಾವುದೋ ಗುಂಡಿ ತಿರುಗಿಸಿದಳು. ತಿರುಗಿಸಬೇಕಾದ ಗುಂಡಿ ಅದಾಗಿರಲಿಲ್ಲ.

ಮರುದಿನ ಅವಳು ಮನೆಯಿಂದ ಫ್ಲಾಸ್ಕಿನಲ್ಲಿ ಬಿಸಿನೀರು ತಂದಿದ್ದಳು.

"ಪಾರ್ಟಿ ಇಳಿಯೋಕೆ," ಎಂದಳು.

ಅವನು ಲೋಟವನ್ನು ಎರಡೂ ಕೈಯಲ್ಲಿ ಹಿಡಿದು, ಅದರ ಅಂಚಿನ ಮೇಲಿಂದ ಅವಳನ್ನೇ ನೋಡುತ್ತ, ಔಷಧಿ ಕುಡಿಯುವವನಂತೆ ನಿಧಾನವಾಗಿ ಕುಡಿದ. "ನೀವಿರೋದು ಎಷ್ಟನೇ ಮಹಡಿ?"

"ಗ್ರೌಂಡ್ ಫ್ಲೋರ್."

"ಅಯ್ಯೋ! ಹಾಡೇ ಬದಲಾಯಿಸ್ಬೇಕಾಯ್ತಲ್ಲ. ಬಾಗಿಲು ತಟ್ಟಿದ್ರೆ ಸಾಕು."

"ತಟ್ಟೋಕೆ ಮುಂಚೆ ಕೊನೇ ಸಾಲು ಸರಿ ಮಾಡ್ಕೊಳ್ಳಿ."

ಎಲ್ಲರೂ ಗೊಳ್ಳೆಂದು ನಕ್ಕರು. ಅವಳ ಕಿವಿ ಮಾತ್ರ ಕೆಂಪಾಗಿತ್ತು. ಒಂಬತ್ತು ವರ್ಷದಲ್ಲಿ ಎಷ್ಟೋ ಗಂಟಲುಗಳು ಅವಳ ಹೆಡ್‌ಫೋನಿನೊಳಗೆ ಹಾಡಿದ್ದವು. ಕಿವಿಯನ್ನು ದಾಟಿ ಒಳಗಿಳಿದದ್ದು ಇದೊಂದೇ.

ಸಂಜೆ ನಾಲ್ಕರ ಸುಮಾರಿಗೆ ಹತ್ತೊಂಬತ್ತನೇ ಟೇಕು. ಕೊನೆಯ 'ಬಾ' ಏರಿತು, ಏರಿ ನಿಂತಿತು. ನಿಂತಲ್ಲೇ ಬಟ್ಟೆ ಹರಿದಂತೆ ಸಣ್ಣಗೆ ಹರಿಯಿತು. ಆದರೆ ಈ ಸಲ ಆ ಹರಕಿನೊಳಗಿಂದಲೇ ಹಾಡಿನ ಜೀವ ಹೊರಗೆ ಬಂದ ಹಾಗಿತ್ತು. 'ಇನ್ನೊಂದು ಸಲ' ಎನ್ನಲು ಅವಳು ಮೈಕಿನ ಗುಂಡಿ ಒತ್ತಲಿಲ್ಲ.

ಅವನು ಈಚೆ ಬಂದ. ದನಿ ಪಿಸುಗುಟ್ಟುವಷ್ಟಕ್ಕೆ ಇಳಿದಿತ್ತು. "ಸಾಕಾ?"

"ಸಾಕು."

"ಸಾಕು ಅಂದ್ಬಿಟ್ರಲ್ಲ. ಬೇಜಾರಾಯ್ತು."

"ಸೋಮವಾರ ಬನ್ನಿ. ಜೋಡಿಸಿ ಕೇಳಿಸ್ತೀನಿ."

"ಸೋಮವಾರ ಆಗಲ್ಲ. ಸ್ವಲ್ಪ ಕೆಲಸ ಇದೆ." ಕೈ ಚಾಚಿದ. ಅವಳು ಕುಲುಕಿದಳು. ಬಿಡಬೇಕಾದ ಹೊತ್ತು ದಾಟಿದ ಮೇಲೂ ಇಬ್ಬರೂ ಕೈ ಬಿಡಲಿಲ್ಲ. ಮೊದಲು ಬಿಟ್ಟವನು ಅವನೇ.

ಸೋಮವಾರ ಅವನು ಬರಲಿಲ್ಲ. ಮಂಗಳವಾರ ಅವಳು ಬಾಗಿಲ ಸದ್ದಾದಾಗಲೆಲ್ಲ ತಲೆಯೆತ್ತಿದಳು. ಬುಧವಾರ ಬಂದವನು ಡ್ರಮ್ಮರ್, ಬಿಟ್ಟುಹೋಗಿದ್ದ ತಾಳದ ತಟ್ಟೆ ಒಯ್ಯಲು.

"ನಿಮ್ಮ ಗುಬ್ಬಿ ಎಲ್ಲಿ? ಇನ್ನೂ ಪಾರ್ಟಿ ಮುಗ್ದಿಲ್ವಾ?"

ಅವನು ತಟ್ಟೆಯನ್ನು ಎದೆಗವುಚಿಕೊಂಡು ನಿಂತ. "ಮೊನ್ನೆ ಆಪರೇಷನ್ ಆಯ್ತು ಮೇಡಂ. ಗಂಟಲಲ್ಲಿ ಗಡ್ಡೆ. ಧ್ವನಿಪೆಟ್ಟಿಗೇನೇ ತೆಗೆದ್ಬಿಟ್ರು. ಇನ್ನು ಮಾತೂ ಇಲ್ಲ."

ಅವಳಿಗೆ ಕೂರಲು ಕುರ್ಚಿ ಸಿಗಲಿಲ್ಲ. ಕುರ್ಚಿ ಪಕ್ಕದಲ್ಲೇ ಇತ್ತು. "ಅವತ್ತು ಪಾರ್ಟಿ ಅಂದ್ರಲ್ಲ..."

"ಪಾರ್ಟಿ ಅಂದಿದ್ದು ನೀವು. ಅವನು ಹೂಂ ಅಂದ."

ಹತ್ತೊಂಬತ್ತು ಸಲ. ತಾನೇ ಬಾಯಿಬಿಟ್ಟು ಕೇಳಿ ಹಾಡಿಸಿದ್ದು ಹತ್ತೊಂಬತ್ತು ಸಲ.

ಆದರೂ ಹಾಡು ಜೋಡಿಸಲೇಬೇಕಿತ್ತು. ಗುರುವಾರ ಬೆಳಿಗ್ಗೆ ಅವಳು ಹತ್ತೊಂಬತ್ತು ಟೇಕು ತುಂಬಿದ್ದ ನಾಲ್ಕೂ ಟೇಪುಗಳನ್ನು ಮೊದಲಿನಿಂದ ಕೇಳುತ್ತ ಕೂತಳು. ಎರಡನೇ ಚರಣಕ್ಕೆ ನಾಲ್ಕನೇ ಟೇಕು, ಪಲ್ಲವಿಗೆ ಹನ್ನೊಂದು, ಕೊನೆಗೆ ಹತ್ತೊಂಬತ್ತು. ಕಣ್ಣು ಮಂಜಾದಾಗ ಬ್ಲೇಡು ಕೆಳಗಿಟ್ಟು ಕಾಯುತ್ತಿದ್ದಳು.

ಹದಿನೈದನೇ ಟೇಕಿಗೆ ಮುಂಚೆ ಅವಳು ನೀರು ಕಾಯಿಸಲು ಎದ್ದುಹೋಗಿದ್ದಳು. ಆಗಲೂ ಟೇಪು ಓಡುತ್ತಲೇ ಇತ್ತು, ಅವರ ಮಾತೆಲ್ಲ ಅದರಲ್ಲಿ ಕೂತಿತ್ತು. ಡ್ರಮ್ಮರ್‌ನ ದನಿ: "ಸಾಕು ಬಿಡೋ, ಗಂಟಲು ಹರ್ಕೋತೀಯ. ಆ ಬ್ಲೇಡಮ್ಮಂಗೆ ನಿಜ ಹೇಳ್ಬಿಡು."

ಆಮೇಲೆ ಗುಬ್ಬಿ, ಮೈಕಿಗೆ ತೀರ ಹತ್ತಿರದಲ್ಲಿ: "ಹೇಳಿದ್ರೆ ನಿಲ್ಲಿಸ್ಬಿಡ್ತಾಳೆ ಕಣೋ. ಹೆಂಗಿದ್ರೂ ಸೋಮವಾರ ಹೋಗೋ ದನಿ, ಇವಳ ಕೈಯಲ್ಲಿ ಖರ್ಚಾಗ್ಲಿ. ಎರಡು ದಿನದಲ್ಲಿ ಇಷ್ಟೊಂದು ಇಷ್ಟ ಆಗ್ಬಾರ್ದಿತ್ತು ನನಗೆ ಇವಳು. ಎಂಥಾ ಟೈಮಲ್ಲಿ ಸಿಕ್ಕಿದ್ಲು ನೋಡು."

ಮತ್ತೆ ಒಂದು ಸಣ್ಣ ನಗು. ಬಾಗಿಲ ಕಿರ್ರು. ಅವಳದೇ ಹೆಜ್ಜೆ ಸದ್ದು.

ಅವಳು ಆ ನಗುವನ್ನು ಮತ್ತೆ ಮತ್ತೆ ಕೇಳಿದಳು.

ಆಸ್ಪತ್ರೆಯಿಂದ ಅವನು ಅಕ್ಕನ ಮನೆಗೆ ಬಂದ ಸುದ್ದಿ ತಿಳಿದು ಹೋದಳು. ಬಾಗಿಲು ತೆರೆದ ಅಕ್ಕ ದರ್ಜಿ. ಕೊರಳಲ್ಲಿ ಅಳತೆ ಟೇಪು, ತುಟಿಯಲ್ಲಿ ಗುಂಡುಸೂಜಿ. ಸೂಜಿ ತೆಗೆದು ಕೇಳಿದಳು. "ನೀವೇನಾ ಆ ಬ್ಲೇಡು? ಹತ್ತೊಂಬತ್ತು ಸಲ ಹಾಡಿಸಿದ್ರಂತೆ. ಕರುಳು ಅನ್ನೋದು ಇದೆಯಾ ನಿಮಗೆ?"

"ನನಗೆ ಗೊತ್ತಿರಲಿಲ್ಲ ಅಕ್ಕಾ."

ಒಳಗಿನ ಕೋಣೆಯ ಬಾಗಿಲು ಮೆಲ್ಲಗೆ ಮುಚ್ಚಿಕೊಂಡಿತು. ಅವಳು ಮುಂದಿನ ಭಾನುವಾರವೂ ಹೋದಳು, ಅದರ ಮುಂದಿನದೂ. ನಾಲ್ಕನೇ ಭಾನುವಾರ ಅಕ್ಕ, "ನಿಂತ್ಕೊಂಡು ಕಾಲು ನೋಯ್ಸ್ಕೋಬೇಡಿ, ಗುಂಡಿ ಹಾಕೋಕೆ ಬರುತ್ತಾ?" ಎಂದು ಒಂದು ರಾಶಿ ಅಂಗಿಗಳನ್ನು ಮಡಿಲಿಗೆ ಹಾಕಿದಳು. ಬಾಗಿಲು ಮಾತ್ರ ತೆರೆಯಲಿಲ್ಲ.

ಅಷ್ಟರಲ್ಲಿ ರೆಕಾರ್ಡು ಅಂಗಡಿಗೆ ಬಂತು. 'ಕುಣಿ ಶನಿವಾರ'ಕ್ಕೆ ಯಾರೂ ಕುಣಿಯಲಿಲ್ಲ. ತಿಂಗಳೊಪ್ಪತ್ತು ಕಳೆದ ಮೇಲೆ ರೇಡಿಯೋದಲ್ಲಿ ಒಬ್ಬಳು ನಿರೂಪಕಿ ರೆಕಾರ್ಡನ್ನು ಕಣ್ತಪ್ಪಿ ಮಗುಚಿ ಹಾಕಿದಳಂತೆ. ತಪ್ಪು ಗೊತ್ತಾಗಿ ನಿಲ್ಲಿಸಲು ಹೋದವಳು ನಿಲ್ಲಿಸಲಾರದೆ ಪೂರ್ತಿ ಕೇಳಿದಳಂತೆ. ಮರುದಿನ ರೇಡಿಯೋದವರ ಟೆಲಿಫೋನು ಬಿಡುವಿಲ್ಲದೆ ಬಡಿದುಕೊಂಡಿತು. ಕಂಪನಿ ಹೊಸ ಲೇಬಲ್ ಅಂಟಿಸಿ ಹಿಂಬದಿಯನ್ನೇ ಮುಂಬದಿ ಮಾಡಿತು. 'ಏಳನೇ ಮಹಡಿ' ಹನ್ನೊಂದು ವಾರ ಜನಪ್ರಿಯ ಹಾಡುಗಳ ಪಟ್ಟಿಯ ನೆತ್ತಿಯ ಮೇಲೆ ಕೂತಿತು. ಒಂದೇ ಉಸಿರಿಗೆ ಹಾಡಿದ ಹಾಡು ಎಂದು ಪತ್ರಿಕೆಗಳು ಬರೆದವು. ಬಸ್ಸಿನಲ್ಲಿ, ಕ್ಷೌರದಂಗಡಿಯಲ್ಲಿ, ಪಕ್ಕದ ಮನೆ ಕಿಟಕಿಯಲ್ಲಿ ಅವನು ಅವಳನ್ನು ಕರೆಯುತ್ತಲೇ ಇದ್ದ.

ಕಂಪನಿಯ ಮ್ಯಾನೇಜರ್ ಸ್ಟುಡಿಯೋಗೆ ಬಂದ. ನಯವಾದ ಮಾತಿನ ಮನುಷ್ಯ. "ಟೇಕುಗಳ ಮಧ್ಯೆ ಗಂಟಲು ಬಿಸಿ ಮಾಡ್ಕೊಳ್ಳೋಕೆ ಬೇರೆ ಹಾಡಿನ ಚೂರುಪಾರು ಹಾಡಿದಾನಂತಲ್ಲ. ಅದನ್ನೆಲ್ಲ ಹೊಲಿದು ಇನ್ನೆರಡು ಹಾಡು ಮಾಡಿಕೊಡಿ. ನಿಮ್ಮ ಕೈಗೆ ಅದೇನು ಕಷ್ಟ?"

"ಅವರನ್ನ ಕೇಳಿದ್ರಾ?"

"ಹೇಗೆ ಕೇಳೋದು ಮೇಡಂ, ಮಾತೇ ಬರಲ್ಲವಲ್ಲ."

ಆ ಭಾನುವಾರ ಅವಳು ಅಂಗಿ ರಾಶಿಯ ಬಳಿ ಕೂರಲಿಲ್ಲ. ನೇರ ಹೋಗಿ ಮುಚ್ಚಿದ ಬಾಗಿಲ ಮುಂದೆ ನಿಂತು ಮ್ಯಾನೇಜರ್ ಕೇಳಿದ್ದನ್ನೆಲ್ಲ ಹೇಳಿದಳು. ಬಾಗಿಲು ತೆರೆಯಿತು. ಅವನು ಇನ್ನೂ ಸಣ್ಣಗಾಗಿದ್ದ. ಕೊರಳಿಗೆ ತೆಳು ಬಟ್ಟೆ ಸುತ್ತಿತ್ತು. ಅದರ ಹಿಂದೆ ವೈದ್ಯರು ಬಿಟ್ಟ ರಂಧ್ರದಲ್ಲಿ ಉಸಿರು ಸುಯ್ಯೆನ್ನುತ್ತಿತ್ತು. ನೋಟ್‌ಪುಸ್ತಕ ತೆಗೆದು ಬರೆದ.

'ಅಳಿಸಿಬಿಡಿ.'

"ಏನನ್ನ?"

'ಎಲ್ಲಾ. ಬದುಕಿರೋವಾಗ್ಲೇ ನನ್ನ ಚೂರುಗಳನ್ನ ಮಾರೋದು ಬೇಡ.' ಹಾಳೆ ಮಗುಚಿ ಮತ್ತೆ ಬರೆದ. 'ನಿಮಗೆ ಕಷ್ಟ ಅಂತ ಗೊತ್ತು. ನಿಮಗೆ ಇಷ್ಟ ಆಗಿದ್ದು ಆ ದನಿ. ಈ ಮನುಷ್ಯ ಅಲ್ಲ. ಅದಕ್ಕೇ ಬಾಗಿಲು ತೆಗೀಲಿಲ್ಲ.'

ಅವಳು ನೋಟ್‌ಪುಸ್ತಕ ಮುಚ್ಚಿ ಅವನ ಕೈಗಿಟ್ಟಳು. "ಸ್ಟುಡಿಯೋ ಇವತ್ತು ರಜ. ಬೀಗ ನನ್ನ ಹತ್ರ ಇದೆ. ಬನ್ನಿ," ಎಂದಷ್ಟೇ ಹೇಳಿದಳು.

ಮಧ್ಯಾಹ್ನದ ಬಿಸಿಲಿನಲ್ಲಿ ಇಬ್ಬರೂ ನಡೆದು ಹೋದರು. ಅವಳು ಮೊದಲು ಒಂದು ಹಾಳೆಯಲ್ಲಿ ರಾಜೀನಾಮೆ ಬರೆದು ಯಜಮಾನರ ಮೇಜಿನ ಮೇಲಿಟ್ಟಳು. ಆಮೇಲೆ ನಾಲ್ಕು ಟೇಪುಗಳನ್ನು ಕಪಾಟಿನಿಂದ ಇಳಿಸಿದಳು. ಮೂರು ಟೇಪು ಅಳಿಸಿದರು. ಚಕ್ರಗಳು ತಿರುಗುತ್ತಿದ್ದವು, ಕೇಳಲು ಏನೂ ಇರಲಿಲ್ಲ. ಮೊಣಕಾಲ ಮೇಲೆ ಕೈಯಿಟ್ಟುಕೊಂಡು ಅವನು ಪಕ್ಕದ ಕುರ್ಚಿಯಲ್ಲಿ ಕೂತಿದ್ದ.

ನಾಲ್ಕನೆಯದಕ್ಕೆ ಕೈ ಹಾಕಿ ಅವಳು ತಡೆದಳು. "ಇದ್ರಲ್ಲಿ ಹಾಡು ಮಾತ್ರ ಇಲ್ಲ." ಟೇಪಿನ ಆರಂಭದಲ್ಲೇ ಇದ್ದ, ಹದಿನೈದನೇ ಟೇಕಿನ ಹಿಂದಿನ ಜಾಗವನ್ನು ಕೇಳಿಸಿದಳು.

ತನ್ನ ಮಾತು ಕೇಳುತ್ತ ಅವನು ಮುಖವನ್ನು ಗೋಡೆಯ ಕಡೆ ತಿರುಗಿಸಿದ. ಭುಜ ಅಲುಗುತ್ತಿತ್ತು. ಅಳುವಿಗೂ ಈಗ ದನಿ ಇರಲಿಲ್ಲ. ಆಮೇಲೆ ಈಚೆ ತಿರುಗಿ ಬರೆದ.

'ಇಷ್ಟನ್ನ ಕತ್ತರಿಸಿ ಇಟ್ಕೊಳ್ಳಿ. ಇದು ನಿಮಗೇ ಹೇಳಿದ್ದು.'

ಅವಳು ಬ್ಲೇಡು ಎತ್ತಿಕೊಂಡಳು. ಟೇಪಿನ ಮೇಲೆ ಹಿಡಿದಳು. ಆಮೇಲೆ ಬ್ಲೇಡನ್ನು ಡ್ರಾಯರಿಗೆ ಹಾಕಿ ಮುಚ್ಚಿದಳು.

"ಇಟ್ಕೊಂಡ್ರೆ ದಿನಾ ಕೇಳ್ತೀನಿ," ಎಂದಳು. "ಕೇಳಿ ಕೇಳಿ ಅದರ ಜೊತೆಗೇ ಸಂಸಾರ ಮಾಡ್ತೀನಿ. ನೀವು ಬಾಗಿಲ ಹೊರಗೇ ನಿಂತಿರ್ತೀರಿ. ನನಗೆ ಅದು ಬೇಡ."

ಅವನು ಬೇಡ ಬೇಡ ಎಂದು ತಲೆಯಾಡಿಸಿದ. ಅವಳ ಕೈ ಹಿಡಿದ. ಅವಳು ಇನ್ನೊಂದು ಕೈಯಿಂದ ಟೇಪನ್ನು ಹಿಂದಕ್ಕೆ ಸುತ್ತಿ, ಅಳಿಸುವ ಗುಂಡಿ ಒತ್ತಿದಳು. ಒತ್ತುವಾಗ ಕಣ್ಣು ಮುಚ್ಚಿದ್ದಳು, ತುಟಿ ಕಚ್ಚಿಕೊಂಡಿದ್ದಳು. ಆ ಮಾತು, ಆ ಸಣ್ಣ ನಗು, ಬಾಗಿಲ ಕಿರ್ರು ಎಲ್ಲಾ ಅರ್ಧ ನಿಮಿಷದಲ್ಲಿ ಹೋಯಿತು. ಲೋಕದಲ್ಲಿ ಇನ್ನು ಉಳಿದದ್ದು ಎಲ್ಲರೂ ಕೇಳುವ ರೆಕಾರ್ಡೊಂದೇ.

ಆಮೇಲೆ ತಡೆಯಲಾಗಲಿಲ್ಲ. ಮೇಜಿನ ಮೇಲೆ ತಲೆಯಿಟ್ಟು ಬಿಕ್ಕಿ ಬಿಕ್ಕಿ ಅತ್ತಳು. ಅವನು ಅವಳ ತಲೆಯನ್ನು ತನ್ನ ಎದೆಗೆ ಒರಗಿಸಿಕೊಂಡ. ಕೊರಳ ಬಟ್ಟೆಯ ಹಿಂದಿನ ಉಸಿರು ಅವಳ ಕೂದಲಿಗೆ ಬೆಚ್ಚಗೆ ತಾಗುತ್ತಿತ್ತು.

ಖಾಲಿಯಾದ ಟೇಪು ಇನ್ನೂ ಓಡುತ್ತಿತ್ತು. ಅವಳು ಕಣ್ಣೊರೆಸಿಕೊಂಡು ಮೇಜಿನ ಮೇಲಿದ್ದ ಮೈಕನ್ನು ಅವನ ಕೊರಳ ಹತ್ತಿರಕ್ಕೆ ಎಳೆದು ತೆರೆದಳು. ಸದ್ದಿಲ್ಲದೆ ಅಷ್ಟು ಹೊತ್ತು ಮಲಗಿದ್ದ ಮೀಟರಿನ ಮುಳ್ಳು ಅವನು ಉಸಿರೆಳೆದಾಗ ಸ್ವಲ್ಪ ಎದ್ದಿತು, ಬಿಟ್ಟಾಗ ಇಳಿಯಿತು. ಮತ್ತೆ ಎದ್ದಿತು. ಇಬ್ಬರೂ ಅದನ್ನೇ ನೋಡುತ್ತ ಟೇಪು ಮುಗಿಯುವವರೆಗೂ ಕೂತಿದ್ದರು.